ಸೊಂಟದ ಡಿಸ್ಕ್ ಜಾರಿದವರಿಗೆ ವ್ಯಾಯಾಮ: ಹದವರಿತು ಮಾಡಿ



ಎತ್ತು ಕುಂಟಿದರೆ ರೈತನು ಅಂದೇ ಅದರ ನೊಗ ಬಿಚ್ಚುತ್ತಾನೆ. ಪವರ್ ಟಿಲ್ಲರಿನಲ್ಲಿ ಬೇರೆ ಸದ್ದು ಕೇಳಿದರೆ ಶಿವಮೊಗ್ಗಕ್ಕೋ ಭದ್ರಾವತಿಗೋ ಒಯ್ದು ರಿಪೇರಿ ಮಾಡಿಸುತ್ತಾನೆ. ಆದರೆ ತನ್ನ ಸೊಂಟವೇ ಹಿಡಿದುಕೊಂಡಾಗ ಎಣ್ಣೆ ತಿಕ್ಕಿಸಿಕೊಂಡು ಮರುದಿನವೇ ಗದ್ದೆಗೆ ಇಳಿಯುತ್ತಾನೆ; ಇಲ್ಲವೇ ಹೆದರಿ ತಿಂಗಳುಗಟ್ಟಲೆ ಮಂಚ ಹಿಡಿಯುತ್ತಾನೆ. ಈ ಎರಡು ದಾರಿಗಳೂ ಸರಿಯಲ್ಲ. ಡಿಸ್ಕ್ ಜಾರಿದ ಸೊಂಟಕ್ಕೆ ಚಲನೆ ಬೇಕು, ಆದರೆ ಅದು ಹದವರಿತ ಚಲನೆಯಾಗಿರಬೇಕು.

ಈ ಭಾಗದ ದುಡಿಮೆಯೆಲ್ಲ ಸೊಂಟದ ಮೇಲೆಯೇ ನಿಂತಿದೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿ ಮತ್ತು ಕಳೆ ಕೀಳುವ ಕೆಲಸವನ್ನು ಹೆಚ್ಚಾಗಿ ಹೆಣ್ಣುಮಕ್ಕಳು ದಿನವಿಡೀ ಬಗ್ಗಿಯೇ ಮಾಡುತ್ತಾರೆ. ಅಡಿಕೆ ತೋಟದಲ್ಲಿ ಸೊಪ್ಪು, ಗೊಬ್ಬರ, ಗೊನೆ ಇವೆಲ್ಲವನ್ನೂ ಹೊರಬೇಕು. 16 ಲೀಟರಿನ ಬೆನ್ನ ಪಂಪು ತುಂಬಿದರೆ ನೀರಿನ ತೂಕವೇ 16 ಕಿಲೋ. ಒಬ್ಬ ವಯಸ್ಕ ಗಂಡಸು ಕೈಯಿಂದ ಎತ್ತಿ ಸಾಗಿಸುವ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿದೆ. ಇದು ಆರೋಗ್ಯವಂತನಿಗೆ ಹೇಳಿದ ಮಿತಿಯೇ ಹೊರತು ಡಿಸ್ಕ್ ಜಾರಿದವನಿಗಲ್ಲ.

ಡಿಸ್ಕ್ ಎಂದರೇನು?

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳಿಗೆ ಡಿಸ್ಕ್ ಎನ್ನುತ್ತಾರೆ. ಹೊರಗೆ ಗಟ್ಟಿಯಾದ ನಾರಿನ ಸುತ್ತುಗಳು, ಒಳಗೆ ಲೋಳೆಯಂಥ ತಿರುಳು ಇರುತ್ತದೆ. ವಾಸ್ತವವಾಗಿ ಡಿಸ್ಕ್ ತನ್ನ ಜಾಗದಿಂದ ಜಾರಿ ಹೋಗುವುದಿಲ್ಲ. ನಾರಿನ ಸುತ್ತು ಸವೆದು ಬಿರಿದಾಗ ತಿರುಳು ಹಿಂದಕ್ಕೆ ಉಬ್ಬಿ, ಪಕ್ಕದ ನರವನ್ನು ಕೆರಳಿಸುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ ಇದು ಹೆಚ್ಚು. ಆದ್ದರಿಂದಲೇ ತೊಂದರೆ ಸೊಂಟದಲ್ಲಿದ್ದರೂ ನೋವು ಪೃಷ್ಠ, ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುತ್ತದೆ.

ಬಗ್ಗಿದಾಗ ಡಿಸ್ಕಿನ ಒಳಗೆ ಏನಾಗುತ್ತದೆ ಎಂಬುದನ್ನು ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿಯೇ ಒತ್ತಡ ಅಳೆದು 1999ರಲ್ಲಿ ಪ್ರಕಟಿಸಿದರು. ನೆಟ್ಟಗೆ ನಿಂತಾಗಿನ ಒತ್ತಡಕ್ಕಿಂತ ಮುಂದಕ್ಕೆ ಬಗ್ಗಿದಾಗ ಅದು ಎರಡು ಪಟ್ಟು ಮೀರಿತು. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ ನಾಲ್ಕು ಪಟ್ಟು ಮೀರಿತು. ಅದೇ ಭಾರವನ್ನು ಮಂಡಿ ಮಡಿಸಿ ಎತ್ತಿದಾಗ ಸುಮಾರು ಮೂರೂವರೆ ಪಟ್ಟಿಗೆ ಇಳಿಯಿತು. ಮಲಗಿದಾಗಿನ ಒತ್ತಡವಂತೂ ನಿಂತಾಗಿನ ಐದನೇ ಒಂದು ಭಾಗ ಮಾತ್ರ.

ಮಂಚ ಹಿಡಿದರೆ ವಾಸಿಯಾಗುವುದೇ?

ಹಾಗಾದರೆ ಮಲಗಿಯೇ ಇರಬಹುದಲ್ಲ ಎಂದು ಕೇಳಬಹುದು. ನೆದರ್ಲೆಂಡ್ಸ್ ದೇಶದಲ್ಲಿ ಕಾಲಿಗೆ ಇಳಿಯುವ ನರನೋವಿನ 183 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಲಾಯಿತು. ಅರ್ಧದಷ್ಟು ಜನರಿಗೆ ಎರಡು ವಾರ ಮಲಗಿರಲು ಹೇಳಲಾಯಿತು. ಉಳಿದವರಿಗೆ ಸಾಧ್ಯವಾದಷ್ಟು ಓಡಾಡಿಕೊಂಡಿರಲು ಹೇಳಲಾಯಿತು. 12 ವಾರಗಳ ನಂತರ ಎರಡೂ ಗುಂಪುಗಳಲ್ಲಿ ನೂರಕ್ಕೆ 87 ಜನ ಸುಧಾರಿಸಿದ್ದರು. ಮಲಗಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಬಹು ದಿನ ಮಲಗಿದರೆ ಬೆನ್ನನ್ನು ಹಿಡಿದಿಡುವ ಸ್ನಾಯುಗಳು ಸೊರಗುತ್ತವೆ ಎಂಬ ನಷ್ಟ ಮಾತ್ರ ಉಳಿಯುತ್ತದೆ.

ಈ ಅಂಕಿಗಳಲ್ಲಿ ಧೈರ್ಯದ ಮಾತೂ ಇದೆ. 12 ವಾರವೆಂದರೆ ಒಂದು ಭತ್ತದ ಬೆಳೆಯ ಅವಧಿಗಿಂತ ಕಡಿಮೆ. ಅಷ್ಟು ಕಾಲ ಸೊಂಟವನ್ನು ಜೋಪಾನ ಮಾಡಿದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬರುವುದಿಲ್ಲ. ನೋವು ವಿಪರೀತವಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ಎದ್ದು ಓಡಾಡಬೇಕು.

ಮೊದಲು ಆಸ್ಪತ್ರೆ, ಆಮೇಲೆ ವ್ಯಾಯಾಮ

ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ಗುದ ಹಾಗೂ ಜನನೇಂದ್ರಿಯದ ಸುತ್ತ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲುಗಳಲ್ಲಿ ಬಲ ಕುಂದುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಫೋನ್ ಮಾಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೋಗತಕ್ಕದ್ದು. ತಡಮಾಡಿದರೆ ಈ ನಷ್ಟ ಶಾಶ್ವತವಾಗಬಹುದು. ಹೇಳಿಕೊಳ್ಳಲು ಸಂಕೋಚಪಟ್ಟು ಹೆಣ್ಣುಮಕ್ಕಳು ಇದನ್ನು ಮುಚ್ಚಿಡಬಾರದು.

ನಡೆಯುವಾಗ ಮುಂಗಾಲು ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮರದಿಂದ ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ಮೈ ಇಳಿಯುತ್ತಿರುವವರ ನೋವು, ಇವನ್ನು ಡಿಸ್ಕ್ ಎಂದು ತಾವೇ ತೀರ್ಮಾನಿಸಿ ವ್ಯಾಯಾಮ ಆರಂಭಿಸಬಾರದು.

ಹದ ತಿಳಿಯುವುದು ಹೇಗೆ?

ಮಳೆ ನಿಂತ ಕೂಡಲೆ ಎರೆಭೂಮಿಯನ್ನು ಯಾರೂ ಉಳುವುದಿಲ್ಲ. ಹಾಗೆಯೇ ಬೆಳಿಗ್ಗೆ ಎದ್ದ ಕೂಡಲೆ ಸೊಂಟ ಬಗ್ಗಿಸಬಾರದು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಆದ್ದರಿಂದಲೇ ಮನುಷ್ಯನು ಸಂಜೆಗಿಂತ ಬೆಳಿಗ್ಗೆ ತುಸು ಎತ್ತರವಾಗಿರುತ್ತಾನೆ. ಈ ಸ್ಥಿತಿಯಲ್ಲಿ ಬಗ್ಗಿದರೆ ಡಿಸ್ಕಿನ ಮೇಲೆ ಹೆಚ್ಚಿನ ಎಳೆತ ಬೀಳುತ್ತದೆ. ಬೆಳಗಿನ ಹೊತ್ತು ಬಗ್ಗುವುದನ್ನು ಬಿಟ್ಟವರಿಗೆ ಹಳೆಯ ಸೊಂಟನೋವು ಕಡಿಮೆಯಾದುದನ್ನು ಅಮೆರಿಕದ ಒಂದು ಅಧ್ಯಯನ 1998ರಲ್ಲಿ ತೋರಿಸಿತು. ಕೊಟ್ಟಿಗೆಯ ಸಗಣಿ ಬಾಚುವುದು, ಹುಲ್ಲಿನ ಹೊರೆ ಎತ್ತುವುದು ಮುಂತಾದ ಕೆಲಸಗಳನ್ನು ಎದ್ದು ಒಂದು ಗಂಟೆ ಕಳೆದ ಮೇಲೆ ಇಟ್ಟುಕೊಳ್ಳುವುದು ಮೇಲು. ವ್ಯಾಯಾಮಕ್ಕೂ ಇದೇ ನಿಯಮ.

ಇನ್ನೊಂದು ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ವ್ಯಾಯಾಮ ಮಾಡುತ್ತಿದ್ದಂತೆ ಕಾಲಿನ ನೋವು ಮೇಲಕ್ಕೆ ಸರಿದು ಸೊಂಟದಲ್ಲಿ ಬಂದು ನಿಂತರೆ ಅದು ಒಳ್ಳೆಯ ಲಕ್ಷಣ. ಸೊಂಟ ಸ್ವಲ್ಪ ಹೆಚ್ಚು ನೋಯುತ್ತಿದ್ದರೂ ಮುಂದುವರಿಸಬಹುದು. ನೋವು ಅಥವಾ ಜೋಮು ಕಾಲಿನಲ್ಲಿ ಕೆಳಕ್ಕೆ ಇಳಿದರೆ ಆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಬೇಕು. ನೋವು ಮೇಲೇರಿದರೆ ಮುಂದುವರಿಸು, ಕೆಳಗಿಳಿದರೆ ನಿಲ್ಲಿಸು: ಇಷ್ಟನ್ನು ನೆನಪಿಟ್ಟರೆ ಸಾಕು.

ಮಾಡಬಹುದಾದ ವ್ಯಾಯಾಮಗಳು

ಮೊದಲ ಸಲ ಇವನ್ನು ಫಿಸಿಯೋಥೆರಪಿ ಬಲ್ಲವರ ಎದುರಿಗೆ ಮಾಡಿ ಕಲಿಯುವುದು ಉತ್ತಮ.

1. ನಡಿಗೆ: ಮಟ್ಟಸವಾದ ದಾರಿಯಲ್ಲಿ 5ರಿಂದ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಕೈ ಬೀಸಿ ನಡೆಯಬೇಕು. ನೋವು ತಾಳಿದಂತೆ ಅವಧಿ ಹೆಚ್ಚಿಸಬೇಕು. ಜಾರುವ ಬದುವಿಗಿಂತ ನಾಲೆಯ ಪಕ್ಕದ ರಸ್ತೆ ಲೇಸು.

2. ಬೋರಲು ಮಲಗುವುದು: ಎರಡು ಮೂರು ನಿಮಿಷ ಸುಮ್ಮನೆ ಬೋರಲು ಮಲಗಬೇಕು. ಇದು ಹಿತವೆನಿಸಿದರೆ ಮೊಣಕೈಗಳನ್ನು ಊರಿ ಎದೆಯನ್ನು ಮಾತ್ರ ಎತ್ತಿ ಒಂದೆರಡು ನಿಮಿಷ ಇರಬೇಕು. ವಯಸ್ಸಾದವರಲ್ಲಿ ಕೆಲವರಿಗೆ ನರದ ದಾರಿಯೇ ಕಿರಿದಾಗಿದ್ದು, ಹಿಂದಕ್ಕೆ ಬಾಗಿದರೆ ಕಾಲುನೋವು ಹೆಚ್ಚುತ್ತದೆ. ಅಂಥವರು ಇದನ್ನು ಬಿಡಬೇಕು.

3. ಸೊಂಟ ಎತ್ತುವುದು: ಅಂಗಾತ ಮಲಗಿ, ಮಂಡಿ ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ, ಪೃಷ್ಠವನ್ನು ನಿಧಾನವಾಗಿ ಎತ್ತಿ 5 ಎಣಿಸುವವರೆಗೆ ಹಿಡಿದು ಇಳಿಸಬೇಕು. 8ರಿಂದ 10 ಸಲ.

4. ಕೈಕಾಲು ಚಾಚುವುದು: ಅಂಬೆಗಾಲಿಡುವ ಮಗುವಿನಂತೆ ಕೈ ಮತ್ತು ಮಂಡಿಗಳ ಮೇಲೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಬೇಕು. ಸೊಂಟ ಅಲುಗದಿರಲಿ. 5ರಿಂದ 8 ಎಣಿಸಿ ಬದಲಿಸಬೇಕು. ಕೈ ಎತ್ತಲು ಕಷ್ಟವಾದರೆ ಮೊದಲು ಕಾಲು ಮಾತ್ರ ಸಾಕು.

5. ಮಗ್ಗುಲ ವ್ಯಾಯಾಮ: ಒಂದು ಮಗ್ಗುಲಿಗೆ ಮಲಗಿ, ಮಂಡಿ ಮಡಿಸಿ, ಮೊಣಕೈಯನ್ನು ಭುಜದ ಕೆಳಗೆ ಊರಿ ಸೊಂಟವನ್ನು ನೆಲದಿಂದ ಎತ್ತಬೇಕು. 5 ಎಣಿಸಿ ಇಳಿಸಬೇಕು.

ಎಲ್ಲದರಲ್ಲಿಯೂ ಉಸಿರು ಬಿಗಿ ಹಿಡಿಯಬಾರದು. ನೋವು ವಿಪರೀತವಿರುವ ಮೊದಲ ದಿನಗಳಲ್ಲಿ ನಡಿಗೆ ಮತ್ತು ಬೋರಲು ಮಲಗುವುದು ಇಷ್ಟೇ ಸಾಕು. ಉಳಿದವು ನೋವು ತಗ್ಗಿದ ಮೇಲೆ.

ಮಾಡಬಾರದವು

ನಿಂತು ಕಾಲ್ಬೆರಳು ಮುಟ್ಟುವುದು, ಮಲಗಿ ಎರಡೂ ಕಾಲನ್ನು ಒಟ್ಟಿಗೆ ಎತ್ತುವುದು, ಮಲಗಿದಲ್ಲಿಂದ ನೆಟ್ಟಗೆ ಎದ್ದು ಕೂರುವ ಕಸರತ್ತು, ಗರಡಿಯ ಗುಂಡು ಎತ್ತುವುದು ಬೇಡ. ಯೋಗಾಸನ ಒಳ್ಳೆಯದೇ. ಆದರೆ ಪಶ್ಚಿಮೋತ್ತಾನಾಸನ, ಹಲಾಸನ ಮತ್ತು ಸೂರ್ಯನಮಸ್ಕಾರದಲ್ಲಿ ಮುಂದಕ್ಕೆ ಬಗ್ಗುವ ಭಾಗ ಸದ್ಯಕ್ಕೆ ಬಿಡತಕ್ಕವು. ಬೆನ್ನಿನ ಮೇಲೆ ಮಗುವನ್ನು ಹತ್ತಿಸಿ ತುಳಿಸುವುದು, ಸೊಂಟವನ್ನು ಜಗ್ಗಿ ಲಟಿಕೆ ತೆಗೆಸುವುದು ಅಪಾಯಕರ. ಬೀಡಿ ಸಿಗರೇಟು ಡಿಸ್ಕಿನ ಸವೆತಕ್ಕೆ ಪೂರಕವಾದ್ದರಿಂದ ಅವನ್ನು ಬಿಡುವುದೂ ಚಿಕಿತ್ಸೆಯ ಒಂದು ಭಾಗ.

ಗದ್ದೆಗೆ ಮರಳುವಾಗ

ಅರ್ಧ ಗಂಟೆ ವ್ಯಾಯಾಮ ಮಾಡಿ, ಉಳಿದ ದಿನವೆಲ್ಲ ಬಗ್ಗಿ ಹೊರೆ ಎತ್ತಿದರೆ ಫಲವಿಲ್ಲ. ಮೊದಲ ವಾರ ಅರ್ಧ ದಿನದ ಹಗುರ ಕೆಲಸ ಮಾತ್ರ ಇರಲಿ. ಯೂರಿಯಾ ಚೀಲ 50ರ ಬದಲು 45 ಕಿಲೋಗೆ ಇಳಿದದ್ದು 2018ರಲ್ಲಿ. ಅಷ್ಟಾದರೂ ಈ ಸೊಂಟಕ್ಕೆ ಅದು ಭಾರವೇ. ಚೀಲ ಬಿಚ್ಚಿ ಬುಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಒಯ್ಯಬೇಕು, ಇಲ್ಲವೇ ಕೈಗಾಡಿಯಲ್ಲಿ ತಳ್ಳಬೇಕು. ಎತ್ತಲೇಬೇಕಾದರೆ ಮಂಡಿ ಮಡಿಸಿ, ಹೊರೆಯನ್ನು ಮೈಗೆ ಅವಚಿಕೊಂಡು ಎತ್ತಿ, ಸೊಂಟ ತಿರುಚದೆ ಪಾದ ಸರಿಸಿ ತಿರುಗಬೇಕು. ಪಂಪನ್ನು ಅರ್ಧ ಮಾತ್ರ ತುಂಬಿಸಬೇಕು. ಬಗ್ಗುವ ಕೆಲಸದಲ್ಲಿ 15-20 ನಿಮಿಷಕ್ಕೊಮ್ಮೆ ಎದ್ದು, ಸೊಂಟಕ್ಕೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಬೇಕು. ಪವರ್ ಟಿಲ್ಲರಿನ ಅದುರಾಟ, ಶಿವಮೊಗ್ಗ-ಭದ್ರಾವತಿ ನಡುವೆ ದಿನವೂ ಬೈಕಿನ ಓಡಾಟ ಇವನ್ನೂ ಕೆಲಕಾಲ ತಗ್ಗಿಸಬೇಕು.

ಬೇಸಾಯದ ಕ್ರಮವೂ ಸೊಂಟವನ್ನು ಕಾಯಬಲ್ಲದು. ಮೊಳಕೆ ಕಟ್ಟಿದ ಭತ್ತವನ್ನು ಡ್ರಂ ಸೀಡರಿನಿಂದ ನಿಂತೇ ಬಿತ್ತಬಹುದು. ಸಾಲು ಇರುವುದರಿಂದ ಕೋನೋವೀಡರ್ ತಳ್ಳಿ ನಿಂತೇ ಕಳೆ ತೆಗೆಯಬಹುದು. ನಾಟಿ ಯಂತ್ರ ಬಾಡಿಗೆಗೆ ಸಿಗುವ ಕಡೆ ಅದನ್ನು ಬಳಸಬಹುದು. ಉದ್ದ ಹಿಡಿಯ ಉಪಕರಣ ಒಂದೊಂದೂ ಅಷ್ಟಷ್ಟು ಬಗ್ಗುವುದನ್ನು ಉಳಿಸುತ್ತದೆ. ವಿಸ್ತರಣಾ ಕಾರ್ಯಕರ್ತರು ಇವುಗಳ ಪ್ರಾತ್ಯಕ್ಷಿಕೆ ನಡೆಸುವಾಗ ಕೂಲಿಯ ಉಳಿತಾಯದ ಜೊತೆಗೆ ಸೊಂಟದ ಉಳಿತಾಯವನ್ನೂ ಹೇಳಬೇಕು. ಮನೆಯವರೂ ಈ ರೋಗಿಯನ್ನು ಸೋಮಾರಿ ಎಂದು ಹಂಗಿಸಬಾರದು. ಹೊರಗೆ ಗಾಯ ಕಾಣದಿದ್ದರೂ ಒಳಗೆ ನರ ನೋಯುತ್ತಿರುತ್ತದೆ.

ನೋವು ಹೋದ ಮೇಲೆಯೂ ವ್ಯಾಯಾಮ ನಿಲ್ಲಿಸಬಾರದು. ಒಮ್ಮೆ ಬಿರಿದ ಡಿಸ್ಕ್ ಮತ್ತೆ ತೊಂದರೆ ಕೊಡಬಹುದು. ದಿನಕ್ಕೆ ಹದಿನೈದು ನಿಮಿಷ ವ್ಯಾಯಾಮಕ್ಕೆಂದು ಎತ್ತಿಟ್ಟರೆ ಮುಂದಿನ ನಾಟಿಗೆ ರೈತನು ಸ್ವಂತ ಕಾಲಿನ ಮೇಲೆ ನಿಂತು ಗದ್ದೆಗೆ ಇಳಿಯಬಲ್ಲನು.