ಎರಡು ತಿಂಗಳ ಹೊಳೆಗಳು



ಮರಳುಗಾಡು ಅಂದರೆ ನಮಗೆ ನೆನಪಾಗುವುದು ಉರಿಬಿಸಿಲು, ಒಂಟೆ. ಇವತ್ತು ಹಿಮಖಂಡದ ಮರಳುಗಾಡೊಂದಕ್ಕೆ ಹೋಗಿ ಬರೋಣ. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಒಣ ಕಣಿವೆಗಳು. ಸುತ್ತೆಲ್ಲ ಹಿಮ, ಇಲ್ಲಿ ಮಾತ್ರ ಬರೀ ಕಲ್ಲು, ಮರಳು. ಮಳೆಯಂತೂ ಇಲ್ಲ. ಬೀಳುವ ಚೂರುಪಾರು ಹಿಮವೂ ಬಹುಪಾಲು ನೀರಾಗದೆ ಹಾಗೇ ಆವಿಯಾಗಿಬಿಡುತ್ತದೆ.

ಆದರೂ ಇಲ್ಲಿ ಹೊಳೆಗಳಿವೆ! ಡಿಸೆಂಬರ್, ಜನವರಿ ಅಲ್ಲಿ ಬೇಸಿಗೆ. ಸೂರ್ಯ ಮುಳುಗುವುದೇ ಇಲ್ಲ. ಆಗ ಹಿಮನದಿಗಳ ಅಂಚು ಕರಗಿ ಆರರಿಂದ ಹತ್ತು ವಾರ ನೀರು ಹರಿಯುತ್ತದೆ. ಸೂರ್ಯ ಸುತ್ತಿಬಂದು ಹಿಮದ ಗೋಡೆಗೆ ಎದುರಾದಾಗ ಹೊಳೆ ತುಂಬುತ್ತದೆ, ಬಿಸಿಲು ಓರೆಯಾದರೆ ಇಳಿಯುತ್ತದೆ. ಇವುಗಳಲ್ಲಿ ದೊಡ್ಡದು ಓನಿಕ್ಸ್, ಸುಮಾರು 32 ಕಿಲೋಮೀಟರ್. ಅದು ಸಮುದ್ರಕ್ಕೆ ಬೆನ್ನು ಹಾಕಿ ಒಳನಾಡಿನ ವಾಂಡಾ ಸರೋವರ ಸೇರುತ್ತದೆ.

ಓನಿಕ್ಸ್‌ನ ಹರಿವನ್ನು ನ್ಯೂಜಿಲೆಂಡಿನವರು 1969ರಲ್ಲೇ ಅಳೆಯತೊಡಗಿದರು. 1993ರಲ್ಲಿ ಅಮೆರಿಕದ ವಿಜ್ಞಾನಿಗಳು ಟೇಲರ್ ಕಣಿವೆಯಲ್ಲಿ ದೀರ್ಘಾವಧಿ ಅಧ್ಯಯನ ಆರಂಭಿಸಿದರು. ಮೀನಿಲ್ಲ, ಹುಲ್ಲಿಲ್ಲದ ಹೊಳೆಯಲ್ಲಿ ಅಳೆಯುವುದೇನು ಅನ್ನುತ್ತೀರಾ? ಕಲ್ಲಿಗೆ ಅಂಟಿದ ಕಪ್ಪು, ಕಿತ್ತಳೆ ಬಣ್ಣದ ಪಾಚಿಯ ಪದರಗಳಿವೆ. ಚಳಿಗಾಲವಿಡೀ ಹಪ್ಪಳದಂತೆ ಒಣಗಿರುತ್ತವೆ. ಸುಮಾರು ಎರಡು ದಶಕ ನೀರು ಕಾಣದ ಹಳೆಯ ಪಾತ್ರವೊಂದಕ್ಕೆ ಡಯೇನ್ ಮೆಕ್‌ನೈಟ್ ಮತ್ತು ಜೊತೆಯವರು 1994–95ರ ಬೇಸಿಗೆಯಲ್ಲಿ ಪಕ್ಕದ ಹೊಳೆಯ ನೀರು ತಿರುಗಿಸಿದರು. ಒಂದು ವಾರದೊಳಗೆ ಆ ಪಾಚಿ ಜೀವ ತಳೆದು ಹರಡಿತ್ತು. ಎಲ್ಲಿಂದಲೋ ಬಂದದ್ದಲ್ಲ, ಅಲ್ಲೇ ಕಾದು ಕುಳಿತಿದ್ದದ್ದು!

ಕಾಯುವ ಕೆಲಸ ವಿಜ್ಞಾನಿಗಳಿಗೂ ತಪ್ಪಲಿಲ್ಲ. 1986ರಿಂದ 2000ದವರೆಗೆ ಈ ಕಣಿವೆಗಳು ದಶಕಕ್ಕೆ 0.7 ಡಿಗ್ರಿ ಸೆಲ್ಸಿಯಸ್‌ನಂತೆ ತಣ್ಣಗಾದವು. ಹೊಳೆಗಳು ಸೊರಗಿದವು, ಸರೋವರಗಳು ಇಳಿದವು. ಲೋಕವೆಲ್ಲ ಬಿಸಿಯಾಗುತ್ತಿರುವಾಗ ಇದೇನು ಎಂದು ದೊಡ್ಡ ಚರ್ಚೆಯೇ ಆಯಿತು. ಆ ಲೆಕ್ಕ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು 2002ರ ಜನವರಿಯಲ್ಲಿ. ತಮಾಷೆ ನೋಡಿ, ಅದೇ ಬೇಸಿಗೆಯಲ್ಲಿ ಕಣಿವೆಗೆ ಪ್ರವಾಹ ಬಂತು! ವರ್ಷಗಟ್ಟಲೆ ಇಳಿದಿದ್ದ ಸರೋವರಗಳು ಒಂದೇ ಬೇಸಿಗೆಯಲ್ಲಿ ಮೇಲೆದ್ದವು. ಹತ್ತು ಹದಿನೈದು ವರ್ಷ ಅಳೆದು ಪುಸ್ತಕ ಮುಚ್ಚಿದ್ದರೆ ಈ ಬೇಸಿಗೆ ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. 1903ರಲ್ಲಿ ಇಲ್ಲಿಗೆ ಬಂದ ಕ್ಯಾಪ್ಟನ್ ಸ್ಕಾಟ್, ಬಾನಿ ಸರೋವರದ ಇಕ್ಕಟ್ಟಾದ ಜಾಗ ಎಷ್ಟು ಅಗಲವಿದೆ ಎಂದು ಅಳೆದು ಬರೆದಿಟ್ಟಿದ್ದರು. ಸುಮಾರು ಐದು ಮೀಟರ್. ಸರೋವರ ಆಮೇಲೆ ಎಷ್ಟು ಏರಿತೆಂದು ಲೆಕ್ಕ ಹಾಕಲು ಇವತ್ತಿಗೂ ಆಧಾರ ಆ ಒಂದು ಸಾಲು.