ಸೋತವರ ಸಮ್ಮತಿ

ಚುನಾವಣೆಯಲ್ಲಿ ಸೋಲು ಎರಡು ಬಗೆ. ಎದುರು ಪಕ್ಷದವರ ಕೈಯಲ್ಲಿ ಸೋಲುವುದು ಒಂದು. ತನ್ನವರ ನಡುವೆಯೇ ಸೋಲುವುದು ಇನ್ನೊಂದು. ಮೊದಲನೆಯ ಸೋಲಿನಲ್ಲಿ ಸಮಾಧಾನ ಹೇಳಲು ಸುತ್ತಲೂ ತನ್ನ ಪಕ್ಷದವರಿರುತ್ತಾರೆ. ಎರಡನೆಯದರಲ್ಲಿ ಆ ಆಸರೆಯೂ ಇಲ್ಲ. ನಿನ್ನೆಯವರೆಗೆ ಪೈಪೋಟಿ ನಡೆಸಿದವನ ಪಕ್ಕದಲ್ಲಿ ಇಂದು ವೇದಿಕೆಯ ಮೇಲೆ ನಿಂತು, ಅವನಿಗಾಗಿ ಮತ ಕೇಳಬೇಕಾಗುತ್ತದೆ. ಅಂಥ ಸೋಲನ್ನು ಯಾವಾಗ ಒಪ್ಪಬೇಕು? ಒಪ್ಪೆಂದು ಕೇಳುವ ಅಧಿಕಾರ ಯಾರಿಗಿದೆ? ಈ ಎರಡು ಪ್ರಶ್ನೆಗಳನ್ನು ಕುರಿತು ಇಂದು ನಾಲ್ಕು ಮಾತು.

ಪ್ರಶ್ನೆ ಹೊಸದಲ್ಲ. ಮಹಾಭಾರತದ ಯುದ್ಧಕ್ಕೆ ಮುನ್ನ ಭೀಷ್ಮನು ಕೌರವ ಸೇನೆಯ ವೀರರ ಬಲಾಬಲವನ್ನು ಹೇಳುತ್ತ ಕರ್ಣನನ್ನು ಅರ್ಧರಥನೆಂದು ಎಣಿಸಿದ. ಸಿಟ್ಟಾದ ಕರ್ಣ, ಭೀಷ್ಮ ಇರುವ ತನಕ ಆಯುಧ ಹಿಡಿಯುವುದಿಲ್ಲವೆಂದು ಶಪಥ ಮಾಡಿದ. ಹತ್ತು ದಿನ ಕೌರವನ ಪಾಳೆಯದ ಒಬ್ಬ ಮಹಾವೀರ ಸುಮ್ಮನೆ ಕುಳಿತ. ಇದನ್ನು ಓದುವವರು ಕರ್ಣನ ಅಭಿಮಾನವನ್ನು ಎತ್ತಿ ಆಡುವುದುಂಟು. ಆದರೆ ಅರ್ಧರಥನೆಂಬ ಮಾತು ಹಿರಿಯನ ಬಾಯಿಂದ ಬಂದದ್ದು, ತುಂಬಿದ ಸಭೆಯಲ್ಲಿ ಬಂದದ್ದು ಎಂಬುದನ್ನೂ ಮರೆಯಬಾರದು. ಒಡಕಿಗೆ ಸೋತವನ ಹಟ ಎಷ್ಟು ಕಾರಣವೋ ಮೇಲಿನವನ ನಾಲಗೆಯೂ ಅಷ್ಟೇ ಕಾರಣ.

ಈಗಿನ ಕಾಲಕ್ಕೆ ಬರೋಣ. ಅಮೆರಿಕೆಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಮೊದಲು ಪಕ್ಷದೊಳಗಿನ ಚುನಾವಣೆಯಲ್ಲಿ ಆರಿಸುವ ಪದ್ಧತಿಯಿದೆ. ಒಂದೊಂದು ರಾಜ್ಯದಲ್ಲೂ ಮತದಾನ ನಡೆದು, ಗಳಿಸಿದ ಪ್ರತಿನಿಧಿಗಳ ಸಂಖ್ಯೆ ಎಲ್ಲರ ಕಣ್ಣೆದುರಿಗೆ ಬೆಳೆಯುತ್ತ ಹೋಗುತ್ತದೆ. 2008ರಲ್ಲಿ ಬರಾಕ್ ಒಬಾಮಾ ಅವರು ಅಗತ್ಯವಾದ ಸಂಖ್ಯೆಯನ್ನು ಮುಟ್ಟಿದ್ದು ಜೂನ್ 3ರಂದು. ಹಿಲರಿ ಕ್ಲಿಂಟನ್ ಅವರು ಜೂನ್ 7ರಂದು ಸ್ಪರ್ಧೆಯಿಂದ ಸರಿದು ಅವರಿಗೆ ಬೆಂಬಲ ಸಾರಿದರು. ನಡುವೆ ಇದ್ದದ್ದು ನಾಲ್ಕು ದಿನ. ಕೊನೆಯ ರಾಜ್ಯದ ಮತದಾನದ ತನಕ ಅವರು ಹೋರಾಡಿದ್ದರು; ಅದನ್ನು ಯಾರೂ ದ್ರೋಹವೆನ್ನಲಾರರು. ಲೆಕ್ಕ ಮುಗಿದ ಮೇಲೆ ಕಾಲಹರಣ ಮಾಡಲಿಲ್ಲ. 1980ರಲ್ಲಿ ಇದೇ ಪಕ್ಷದ ಎಡ್ವರ್ಡ್ ಕೆನಡಿ ಅವರು ಪ್ರತಿನಿಧಿಗಳ ಲೆಕ್ಕದಲ್ಲಿ ಹಿಂದೆ ಬಿದ್ದಮೇಲೂ ಆಗಸ್ಟ್ ತಿಂಗಳ ಮಹಾಧಿವೇಶನದವರೆಗೆ ಜಿಮ್ಮಿ ಕಾರ್ಟರ್ ಅವರೊಡನೆ ಸೆಣಸಿದರು. ನವೆಂಬರಿನಲ್ಲಿ ಕಾರ್ಟರ್ ಸೋತರು. ಆ ಸೋಲಿಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಆದರೂ ಮನೆಜಗಳ ಹಿತ್ತಿಲಿನಿಂದ ಅಂಗಳಕ್ಕೆ ಬಂದ ಮನೆಗೆ ನೆರೆಯವರ ಮರ್ಯಾದೆ ಕಡಿಮೆಯೇ.

ನಮ್ಮ ದೇಶದಲ್ಲೂ ಎಣಿಸಿ ನೋಡಿದ ನಿದರ್ಶನ ಉಂಟು. ಲಾಲ್‌ಬಹಾದ್ದೂರ್ ಶಾಸ್ತ್ರಿಯವರು ತೀರಿಕೊಂಡ ಬಳಿಕ, 1966ರ ಜನವರಿ 19ರಂದು ಕಾಂಗ್ರೆಸ್ ಸಂಸದೀಯ ಪಕ್ಷ ತನ್ನ ನಾಯಕತ್ವಕ್ಕೆ ಮತ ಹಾಕಿತು. ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿ ದೇಸಾಯಿಯವರಿಗೆ 169. ಮೊರಾರ್ಜಿಯವರು ತೀರ್ಪನ್ನು ಒಪ್ಪಿದರು. ಮರುವರ್ಷ ಉಪಪ್ರಧಾನಿಯಾಗಿ, ಹಣಕಾಸಿನ ಹೊಣೆ ಹೊತ್ತು, ಸಂಪುಟವನ್ನೂ ಸೇರಿದರು. 1969ರ ಜುಲೈಯಲ್ಲಿ ಆ ಖಾತೆಯನ್ನು ಅವರಿಂದ ಕಿತ್ತುಕೊಂಡಾಗ ಅವರು ಹೊರಬಂದರು. ವರ್ಷ ಮುಗಿಯುವುದರೊಳಗೆ ಪಕ್ಷ ಇಬ್ಭಾಗವಾಯಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪನವರು. ಒಡಕಿಗೆ ತತ್ತ್ವದ ಕಾರಣಗಳೂ ಇದ್ದವು. ಆದರೂ ಒಂದು ಪಾಠ ಇಲ್ಲಿದೆ: ಸೋತವನು ಕೊಟ್ಟ ಸಮ್ಮತಿಯನ್ನು ಗೆದ್ದವನು ಕಾಪಾಡಿಕೊಳ್ಳದಿದ್ದರೆ ಅದು ಬಹಳ ಕಾಲ ಬಾಳುವುದಿಲ್ಲ.

ಕರ್ನಾಟಕದ 1983ರ ಜನವರಿಯನ್ನು ನೋಡಿ. ಕಾಂಗ್ರೆಸ್ಸೇತರ ಸರಕಾರ ಇಲ್ಲಿ ಮೊದಲ ಸಲ ರಚನೆಯಾಗುವ ಸಂದರ್ಭ. ನಾಯಕತ್ವದ ಮಾತು ಬಂದಾಗ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿಯವರ ಹೆಸರೂ ಇತ್ತು, ಎಸ್. ಬಂಗಾರಪ್ಪನವರ ಹೆಸರೂ ಇತ್ತು. ಕೊನೆಗೆ ಆಯ್ಕೆಯಾದವರು, ಆಗ ವಿಧಾನಸಭೆಯ ಸದಸ್ಯರೂ ಆಗಿರದಿದ್ದ ರಾಮಕೃಷ್ಣ ಹೆಗಡೆಯವರು. ಬೊಮ್ಮಾಯಿಯವರು ಹೆಗಡೆಯವರ ಸಂಪುಟದಲ್ಲಿ ದುಡಿದರು. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಯಾದರು. ಬಂಗಾರಪ್ಪನವರು ಬೇರೆ ದಾರಿ ಹಿಡಿದು ಕಾಂಗ್ರೆಸ್ಸಿಗೆ ಹೋದರು. 1990ರ ಅಕ್ಟೋಬರಿನಲ್ಲಿ ಅವರೂ ಮುಖ್ಯಮಂತ್ರಿಯಾದರು. ಉಳಿದವರಿಗೂ ಪದವಿ ಸಿಕ್ಕಿತು, ಹೋದವರಿಗೂ ಸಿಕ್ಕಿತು. ಆದ್ದರಿಂದ ಸಂಯಮ ತೋರಿದವನಿಗೆ ಮುಂದೆ ಫಲ ತಪ್ಪದೆಂಬ ನೀತಿಯನ್ನು ಇತಿಹಾಸದಿಂದ ತೆಗೆಯಲಾಗದು. ಸೋಲನ್ನು ಒಪ್ಪಬೇಕಾದ ಕಾರಣವನ್ನು ಪದವಿಯ ಆಸೆಯಲ್ಲಿ ಹುಡುಕಿದರೆ ದೊರೆಯದು. ಅದು ನಮ್ಮನ್ನು ನಂಬಿದ ಸಾಮಾನ್ಯ ಕಾರ್ಯಕರ್ತನಲ್ಲಿದೆ. ನಾಯಕನಿಗೆ ಇನ್ನೊಂದು ಪಕ್ಷದ ಬಾಗಿಲು ತೆರೆದೀತು. ಓಣಿಯಲ್ಲಿ ಬಾವುಟ ಕಟ್ಟಿ, ಅದಕ್ಕಾಗಿ ನೆರೆಮನೆಯವರೊಡನೆ ನಿಷ್ಠುರ ಕಟ್ಟಿಕೊಂಡವನು ಎಲ್ಲಿಗೆ ಹೋದಾನು?

ಈ ಪ್ರಶ್ನೆ ನಮ್ಮ ಊರಿಗೆ 2023ರಲ್ಲಿ ಬಂತು. ಜಗದೀಶ ಶೆಟ್ಟರ ಅವರು 1994ರಿಂದ ಆರು ಸಲ ಇಲ್ಲಿಂದ ಶಾಸಕರಾಗಿದ್ದವರು, 2012ರಲ್ಲಿ ಮುಖ್ಯಮಂತ್ರಿಯಾದವರು. ಆ ಏಪ್ರಿಲಿನಲ್ಲಿ ಭಾರತೀಯ ಜನತಾ ಪಕ್ಷ ಅವರಿಗೆ ಟಿಕೆಟು ಕೊಡಲಿಲ್ಲ. ಅವರು ಪಕ್ಷ ಬಿಟ್ಟು ಕಾಂಗ್ರೆಸ್ ಸೇರಿ, ಹುಬ್ಬಳ್ಳಿ–ಧಾರವಾಡ ಸೆಂಟ್ರಲ್ ಕ್ಷೇತ್ರದಿಂದಲೇ ನಿಂತು, ಮಹೇಶ ಟೆಂಗಿನಕಾಯಿ ಅವರೆದುರು 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 2024ರ ಜನವರಿಯಲ್ಲಿ ಹಳೆಯ ಪಕ್ಷಕ್ಕೆ ಮರಳಿ, ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೆ ಆರಿಸಿಬಂದರು. ಅವರು ಹೋದದ್ದು ಸರಿಯೇ, ಬಂದದ್ದು ಸರಿಯೇ ಎಂದು ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ನಾನು ಕೇಳುವುದಿಷ್ಟೆ: ಆ ಏಪ್ರಿಲಿನಲ್ಲಿ ಅವರು ಯಾರಿಂದ ಸೋತಿದ್ದರು? ಕ್ಷೇತ್ರದ ಪಕ್ಷಸದಸ್ಯರು ಮತ ಹಾಕಿ ಅವರನ್ನು ಬೇಡವೆಂದಿದ್ದರೆ ಒಪ್ಪಿಕೊಳ್ಳಲು ಒಂದು ಅಂಕಿ ಇರುತ್ತಿತ್ತು. ದಿಲ್ಲಿಯಿಂದ ಬಂದ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಸೋಲಲ್ಲ, ನಿರಾಕರಣೆ. ಸೋಲನ್ನು ಒಪ್ಪಬಹುದು, ನಿರಾಕರಣೆಯನ್ನು ನುಂಗಬೇಕಾಗುತ್ತದೆ. ನುಂಗಿದ್ದು ಒಳಗೇ ಇರುತ್ತದೆ.

ಈ ದೋಷ ಒಂದೇ ಪಕ್ಷಕ್ಕೆ ಸೇರಿದ್ದಲ್ಲ. ಅದೇ 2023ರ ಮೇ 14ರಂದು ಬೆಂಗಳೂರಿನಲ್ಲಿ ಕಾಂಗ್ರೆಸ್ ಶಾಸಕರು ಮುಖ್ಯಮಂತ್ರಿಯ ಆಯ್ಕೆಗಾಗಿ ಗುಟ್ಟಾಗಿ ಅಭಿಪ್ರಾಯ ಬರೆದುಕೊಟ್ಟರು. ಯಾರಿಗೆ ಎಷ್ಟು ಎಂಬುದನ್ನು ಪಕ್ಷ ಪ್ರಕಟಿಸಲಿಲ್ಲ. ಸಿದ್ಧರಾಮಯ್ಯನವರು ಮುಖ್ಯಮಂತ್ರಿಯಾದರು, ಡಿ. ಕೆ. ಶಿವಕುಮಾರ್ ಅವರು ಉಪಮುಖ್ಯಮಂತ್ರಿಯಾದರು. ಆ ಹೊತ್ತಿಗೆ ಐಕ್ಯ ಕಂಡಿತಾದರೂ, ಒಳಗೆ ಆದ ಒಪ್ಪಂದವೇನು, ಅಧಿಕಾರ ಹಂಚಿಕೆಯ ಮಾತು ಇತ್ತೇ ಇಲ್ಲವೇ ಎಂಬ ಚರ್ಚೆ ಬಳಿಕ ವರ್ಷಗಟ್ಟಲೆ ನಿಲ್ಲಲಿಲ್ಲ. ಎಣಿಕೆಯನ್ನು ಮುಚ್ಚಿಟ್ಟ ಕಡೆ ಊಹೆ ಬೆಳೆಯುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತು ತನ್ನ ಅಧ್ಯಕ್ಷರನ್ನು ಸದಸ್ಯರ ಮತದಿಂದ ಆರಿಸುತ್ತದೆ. ನಮ್ಮ ಹಳ್ಳಿಗಳ ಸಹಕಾರ ಸಂಘಗಳೂ ಆಡಳಿತ ಮಂಡಳಿಯನ್ನು ಮತ ಹಾಕಿಯೇ ಆರಿಸುತ್ತವೆ. ಅಲ್ಲಿಯೂ ಜಗಳಗಳಿವೆ, ತಕರಾರುಗಳಿವೆ. ಆದರೆ ಸೋತವನ ಕೈಗೆ ಒಂದು ಲೆಕ್ಕ ಸಿಗುತ್ತದೆ. ಕೋಟಿ ಸದಸ್ಯರನ್ನು ಹೇಳಿಕೊಳ್ಳುವ ಪಕ್ಷಗಳು ತಮ್ಮ ಅಭ್ಯರ್ಥಿ ಯಾರಾಗಬೇಕೆಂದು ಕ್ಷೇತ್ರದ ಸದಸ್ಯರನ್ನು ಮತಕ್ಕೆ ಕರೆಯುವುದಿಲ್ಲ. ಮೇಲಾಗಿ ಸೋತವರಿಂದ ಶಿಸ್ತನ್ನು ಬೇಡುತ್ತವೆ.

ಹಾಗಾದರೆ ಯಾವಾಗ ಒಪ್ಪಬೇಕು? ಎಣಿಕೆ ನಡೆಯುತ್ತಿರುವ ತನಕ ಸ್ಪರ್ಧಿಸುವುದು ಅವನ ಹಕ್ಕು. ಐಕ್ಯದ ಹೆಸರಿನಲ್ಲಿ ಅವನ ಬಾಯಿ ಮುಚ್ಚಿಸುವುದು ಅನ್ಯಾಯ. ಎಣಿಕೆ ಪ್ರಾಮಾಣಿಕವಾಗಿ ಮುಗಿದು ಗೆಲ್ಲುವ ದಾರಿ ಇಲ್ಲವೆಂದು ಸ್ಪಷ್ಟವಾದ ಮೇಲೆ, ತಿಂಗಳುಗಳಲ್ಲ, ದಿನಗಳೊಳಗೆ ಅವನು ಮಾತಾಡಬೇಕು. ಎದುರು ಪಕ್ಷದೊಡನೆ ಹೋರಾಟ ಮೊದಲಾಗುವುದಕ್ಕೆ ಮುಂಚೆ ಮಾತಾಡಬೇಕು. ತನ್ನ ಅಭಿಪ್ರಾಯಗಳನ್ನು ಬಿಟ್ಟುಕೊಡಬೇಕಾಗಿಲ್ಲ, ಮುಂದಿನ ಸಲದ ಸ್ಪರ್ಧೆಯನ್ನೂ ಬಿಡಬೇಕಾಗಿಲ್ಲ. ಎಣಿಕೆಯಲ್ಲಿ ಮೋಸವಿದ್ದರೆ ಅದನ್ನು ಪುರಾವೆಯೊಡನೆ ಬಹಿರಂಗವಾಗಿ ಹೇಳಲಿ.

ಇನ್ನು ಗೆದ್ದವನ ಪಾಲು. ಸೋತವನು ಬಂದು ಶುಭಾಶಯ ಹೇಳಲೆಂದು ಅವನು ಕಾಯಬಾರದು. ಆ ರಾತ್ರಿಯೇ ತಾನಾಗಿ ಅವನ ಮನೆಗೆ ಹೋಗಬೇಕು. ಅವನ ಪರವಾಗಿ ದುಡಿದ ಹುಡುಗರನ್ನು ಹೆಸರು ಹಿಡಿದು ಕರೆದು ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಅರ್ಧರಥರೆಂಬ ಮಾತು ತನ್ನ ಕಡೆಯ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಬೇಕು. ಇಷ್ಟನ್ನು ಗೆದ್ದವನು ಮಾಡಿದರೆ, ಮೊದಲು ಪಕ್ಷವು ಎಲ್ಲರೆದುರು ಎಣಿಸಿ ತೋರಿಸಿದ್ದರೆ, ಆಮೇಲೂ ಮುನಿದು ಕೂತವನನ್ನು ಜನ ತಪ್ಪಿತಸ್ಥನೆಂದು ಎಣಿಸಿದರೆ ನ್ಯಾಯ. ಅಲ್ಲಿಯವರೆಗೆ ಬಂಡಾಯಗಾರನೆಂಬ ಹೆಸರನ್ನು ಅವನೊಬ್ಬನ ಕೊರಳಿಗೆ ಕಟ್ಟುವುದು ಸರಿಯಲ್ಲ.