ಪಟ್ಟಿ ಕೂಡಿಸಿದ ಸಾರು

ಅಡುಗೆಯ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ತೊಡಕಿದೆ. ಕೇಳುವವರ ಮೂಗಿಗಾಗಲಿ ನಾಲಿಗೆಗಾಗಲಿ ಅವನು ಏನನ್ನೂ ತಲುಪಿಸಲಾರ. ಅವನಲ್ಲಿರುವುದು ಬರಿಯ ಮಾತು. ಮೇಲಾಗಿ ಚಿಕ್ಕೋಡಿಯ ಕಡೆಯವನಾದ ನಾನು ಮೀನಿನ ಸಾರಿನ ಬಗೆಗೆ ಮಾತನಾಡುತ್ತೇನೆಂದರೆ, ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ರೇಡಿಯೊದ ಕಿವಿ ಹಿಂಡಿಯಾರು. ಲಿಂಗಾಯತರೂ ಜೈನರೂ ಬಹಳವಾಗಿರುವ ಸೀಮೆ ಅದು. ಮೀನು ತಿನ್ನುವ ಮನೆಗಳಲ್ಲಿಯೂ ಕೆಲವೆಡೆ ಅದಕ್ಕೆಂದೇ ಬೇರೆ ಗಡಿಗೆ, ಹಿತ್ತಲಿನಲ್ಲಿ ಬೇರೆ ಒಲೆ. ಆದರೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ನೆಲದಲ್ಲಿ ಮೀನಿನ ಮಾತೇ ಬಾರದಂತೆ ಊಟದ ಕಥೆಯನ್ನು ಹೇಳಿ ಮುಗಿಸುವುದು ನ್ಯಾಯವಲ್ಲ.

ನಾನು ಇಂದು ಹೇಳಹೊರಟಿರುವ ಸಾರಿನ ಹೆಸರು ಮಾತ್ರ ನಮ್ಮದಲ್ಲ. ಅದು ಚಿಯೊಪ್ಪಿನೊ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ತಮ್ಮನ ಮಗಳು ಅದನ್ನು ಮೊದಲು ಉಂಡು, “ದೊಡ್ಡಪ್ಪಾ, ಇದು ನಮ್ಮ ಹೊಳಿ ಮೀನಿನ ಸಾರಿನ ಅಣ್ಣನೋ ತಮ್ಮನೋ ಇರಬೇಕು” ಎಂದು ತಿಳಿಸಿದಳು. ಅಂದಿನಿಂದ ಆ ಸಾರು ನನ್ನ ತಲೆಯನ್ನು ಹೊಕ್ಕಿತು. ಆಮೇಲೆ ನಮ್ಮ ಅಡುಗೆಮನೆಯನ್ನೂ ಹೊಕ್ಕಿತು.

ಸ್ಯಾನ್ ಫ್ರಾನ್ಸಿಸ್ಕೊ ನಗರ 1849ರ ಚಿನ್ನದ ಹುಚ್ಚಿನಲ್ಲಿ ಏಕಾಏಕಿ ಬೆಳೆದ ಊರು. ಚಿನ್ನವನ್ನು ಅರಸಿ ಬಂದವರ ಹಿಂದೆಯೇ ಅವರಿಗೆ ಅನ್ನ ಒದಗಿಸುವವರೂ ಬಂದರು. ಅಂಥವರಲ್ಲಿ ಇಟಲಿಯ ಜಿನೋವಾ ಬಂದರಿನ ಸುತ್ತಣ ಬೆಸ್ತರು ಇದ್ದರು. ತಮ್ಮ ನಾಡಿನಲ್ಲಿ ಮಾರಾಟವಾಗದೆ ಉಳಿದ ಸಣ್ಣಪುಟ್ಟ ಮೀನುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ಅವರು ಮಾಡುತ್ತಿದ್ದ ಸಾರಿಗೆ ಅಲ್ಲಿಯ ಮಾತಿನಲ್ಲಿ ಚುಪ್ಪಿನ್ ಎಂದು ಹೆಸರು. ಹೊಸ ನಾಡಿನ ಕಡಲು ಬೇರೆ, ಮೀನು ಬೇರೆ. ಅಲ್ಲಿ ಚಳಿಗಾಲಕ್ಕೆ ಸಿಗುವ ಡಂಜನೆಸ್ ಎಂಬ ದೊಡ್ಡ ಏಡಿ ಆ ಪಾತ್ರೆಗೆ ಬಿತ್ತು. ಸಿಗಡಿ ಬಿತ್ತು, ಚಿಪ್ಪುಮೀನು ಬಿತ್ತು. ಟೊಮ್ಯಾಟೊ, ಬಳ್ಳೊಳ್ಳಿ, ದ್ರಾಕ್ಷಾರಸದ ಮದ್ಯ ಕೂಡಿ ಅದು ಚಿಯೊಪ್ಪಿನೊ ಆಯಿತು.

ಹೆಸರಿನ ಬಗೆಗೆ ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ಬರಿಗೈಯಲ್ಲಿ ದಡ ಸೇರಿದ ಬೆಸ್ತನೊಬ್ಬ ಪಾತ್ರೆ ಹಿಡಿದು ದೋಣಿಯಿಂದ ದೋಣಿಗೆ ಹೋಗುವನು. ಒಬ್ಬೊಬ್ಬರೂ ಅವರವರ ಬಲೆಯಿಂದ ಒಂದಿಷ್ಟನ್ನು ಅದಕ್ಕೆ ಹಾಕುವರು. ನಿಮ್ಮ ಪಾಲು ಹಾಕಿರಪ್ಪಾ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಚಿಪ್ ಇನ್’ ಎನ್ನುತ್ತಾರೆ. ಇಟಲಿಯವರ ನಾಲಿಗೆಯಲ್ಲಿ ಅದೇ ಚಿಯೊಪ್ಪಿನೊ ಆಯಿತಂತೆ. ಚುಪ್ಪಿನ್ ಎಂಬ ಹಳೆಯ ಶಬ್ದ ಕಣ್ಣೆದುರಿಗೇ ಇರುವಾಗ ಈ ನಿರುಕ್ತಿಯನ್ನು ನಂಬುವುದು ಕಷ್ಟ. ಆದರೆ ಕಥೆ ಹುಟ್ಟಿದ ಮನಸ್ಸನ್ನು ನಾನು ನಂಬುತ್ತೇನೆ. ಅದು ಪಟ್ಟಿ ಕೂಡಿಸಿ ಮಾಡಿದ ಸಾರು. ನಮ್ಮ ಊರುಗಳಲ್ಲಿ ಜಾತ್ರೆಗೆ ಮನೆಗಿಷ್ಟೆಂದು ಪಟ್ಟಿ ಕೂಡಿಸುವುದಿಲ್ಲವೆ? ಹಾಗೆ.

ಇನ್ನು ನಮ್ಮ ಹೊಳೆಗಳಿಗೆ ಬರೋಣ. ನಿಪ್ಪಾಣಿಯ ಕಡೆಯಿಂದ ಬರುವ ವೇದಗಂಗೆ ಭೋಜದ ಬಳಿ ದೂಧಗಂಗೆಯನ್ನು ಕೂಡುತ್ತಾಳೆ. ದೂಧಗಂಗೆ ಸದಲಗೆಯನ್ನು ದಾಟಿ ಮುಂದೆ ಕೃಷ್ಣೆಗೆ ಸೇರುತ್ತಾಳೆ. ಕೃಷ್ಣೆ ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ನೆಲವನ್ನು ತಾಗಿ ಹರಿಯುತ್ತಾಳೆ. ಈ ದಂಡೆಗಳ ಅಂಬಿಗರು, ಭೋಯಿಗಳು ಬಲೆ ಎತ್ತಿದಾಗ ಅದರಲ್ಲಿ ಒಂದೇ ಜಾತಿಯ ಮೀನು ಇರುತ್ತಿರಲಿಲ್ಲ. ಮೀನಿನ ಹೆಸರುಗಳು ನಮ್ಮಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮೀಸೆಯ ದೊಡ್ಡ ಬಾಯಿಯ ಬಾಳೆಮೀನಿಗೆ ಶಿವಡಾ ಎಂಬುದೂ ಹೆಸರೇ. ಮುಳ್ಳು ಕಡಿಮೆಯಾದ ಮರಳ, ಹಾವಿನಂತೆ ಜಾರುವ ವಾಂಬ, ಹೆಸರಿಟ್ಟು ಕರೆಯುವಷ್ಟು ದೊಡ್ಡದಲ್ಲದ ಚಿಲ್ಲರೆ ಮೀನು, ಕಲ್ಲಿನ ಸಂದಿಯ ಏಡಿ, ಹಿಡಿಯಷ್ಟು ಸಿಗಡಿ. ದೊಡ್ಡದು ಸಂತೆಗೆ ಹೋಗುವುದು, ಉಳಿದದ್ದು ಗಡಿಗೆಗೆ. ಕೃಷ್ಣೆಯ ದಂಡೆಯ ಅಂಬಿಗರ ಮುದುಕಿಯೊಬ್ಬಳನ್ನು, “ಅವ್ವಾ, ನಿಮ್ಮ ಸಾರಿಗೆ ಯಾವ ಮೀನು ಛಲೋ?” ಎಂದು ನಾನು ಕೇಳಿದ್ದುಂಟು. “ಹೊಳಿ ಏನ್ ಕೊಡತೈತಿ ಅದ ಛಲೋ, ತಮ್ಮಾ. ನಾವೇನ್ ಆರಿಸಿ ತರತೀವೇನ?” ಎಂದಳು. ಜಿನೋವಾದ ಬೆಸ್ತನ ಹೆಂಡತಿಯನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತೆಂದು ತೋರುತ್ತದೆ.

ಇದನ್ನು ಮನೆಯಲ್ಲಿ ಮಾಡುವ ಬಗೆಯನ್ನು ಹೇಳುತ್ತೇನೆ. ಆರು ಜನಕ್ಕೆ ಸಾಕಾಗುವಷ್ಟು ಎಂದಿಟ್ಟುಕೊಳ್ಳಿ. ಗಟ್ಟಿ ಮಾಂಸದ ಮೀನು ಒಂದು ಕಿಲೊ, ಏಡಿ ನಾಲ್ಕು, ಸಿಗಡಿ ಕಾಲು ಕಿಲೊ. ನಿಪ್ಪಾಣಿಯವರಿಗೆ ಕಡಲ ಮೀನು ಅಪರೂಪವಲ್ಲ. ದೇವಗಡದಿಂದ ಫೋಂಡಾ ಘಾಟ ಹತ್ತಿ ರಾಧಾನಗರಿಯ ಮೇಲೆ ಬರುವ ರಸ್ತೆ ಅವರ ಊರಿಗೇ ಬಂದು ಮುಟ್ಟುತ್ತದೆ. ಸುರಮಯಿ ಸಿಕ್ಕರೆ ಒಳ್ಳೆಯದು. ಬಾಂಗಡೆ ಮಾತ್ರ ಬೇಡ. ಅದರ ಮೇಲೆ ನನಗೆ ದ್ವೇಷವಿಲ್ಲ. ಅದರ ಎಣ್ಣೆಯ ಜೋರು ಎಷ್ಟೆಂದರೆ ಉಳಿದವರ ಮಾತು ಕೇಳಿಸದಂತೆ ಮಾಡುತ್ತದೆ.

ಮೊದಲು ಮೀನಿನ ತಲೆ, ಮೂಳೆ, ಸಿಗಡಿಯ ಸಿಪ್ಪೆಗಳನ್ನು ಎರಡು ಲೀಟರ್ ನೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿಕೊಳ್ಳಬೇಕು. ತಲೆಯೊಳಗಿನ ಕಿವಿರನ್ನು ಮೊದಲೇ ಕಿತ್ತುಹಾಕಿರಬೇಕು. ಕುರಿಯ ಮೂಳೆಯಂತೆ ಇದನ್ನು ತಾಸುಗಟ್ಟಲೆ ಕುದಿಸಬಾರದು. ಅರ್ಧ ತಾಸು ಮೀರಿದರೆ ಕಹಿ ಇಳಿಯುತ್ತದೆ.

ಇನ್ನೊಂದು ಪಾತೇಲಿಯಲ್ಲಿ ಶೇಂಗಾ ಎಣ್ಣೆ ಕಾಯಿಸಿ, ಹೆಚ್ಚಿದ ಎರಡು ಉಳ್ಳಾಗಡ್ಡಿಯನ್ನು ಕೆಂಪಾಗದಂತೆ ಮೆತ್ತಗೆ ಬಾಡಿಸಿ. ಹನ್ನೆರಡು ಎಸಳು ಬಳ್ಳೊಳ್ಳಿ ಜಜ್ಜಿ ಹಾಕಿ. ಹಣ್ಣಾದ ಟೊಮ್ಯಾಟೊ ಮುಕ್ಕಾಲು ಕಿಲೊ ಹೆಚ್ಚಿ ಹಾಕಿ, ಎಣ್ಣೆ ಬಿಡುವವರೆಗೆ ಕೆದಕುತ್ತಿರಿ. ಅವಸರ ಮಾಡಬಾರದ ಸ್ಥಳ ಇದೊಂದೇ. ಅರ್ಧ ತಾಸು ಬೇಕೇ ಬೇಕು. ಇಟಲಿಯವರು ಇಲ್ಲಿ ಒಂದು ಬಟ್ಟಲು ಮದ್ಯ ಸುರಿಯುತ್ತಾರೆ. ಅದರಿಂದ ಬರುವುದು ಮುಖ್ಯವಾಗಿ ಒಂದು ಹದವಾದ ಹುಳಿ. ನಾವು ಕೊಂಕಣದಿಂದ ಬರುವ ಅಮಸೂಲ ಐದಾರನ್ನು ನೆನೆಹಾಕಿ ಆ ನೀರು ಬಿಟ್ಟರೆ ಕೆಲಸ ನಡೆಯುತ್ತದೆ. ಖಾರಕ್ಕೆ ಸಂಕೇಶ್ವರದ ಮೆಣಸಿನಕಾಯಿ ಎರಡು ಸಾಕು. ಕೊಬ್ಬರಿ, ಎಳ್ಳು ಹುರಿದು ಅರೆದು ಹಾಕುವ ನಮ್ಮ ಕೆಂಪು ರಸ್ಸಾದ ಮಸಾಲೆ ಈ ಸಾರಿಗೆ ಸಲ್ಲದು. ಅದು ಬೇರೊಂದು ವೈಭವ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಟೊಮ್ಯಾಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಗಿಡಗಳು. ಕೊಲಂಬಸ್ ಜಿನೋವಾದವನೇ. ಅವನ ಯಾತ್ರೆಗಳ ತರುವಾಯ ಆಚೆಯಿಂದ ಈಚೆಗೆ ಬಂದ ಟೊಮ್ಯಾಟೊವನ್ನು ಅದೇ ಊರಿನ ಬಡ ಬೆಸ್ತರು ನೂರಾರು ವರುಷಗಳ ಮೇಲೆ ಸಾರು ಮಾಡಿಕೊಂಡು ಮತ್ತೆ ಅಮೆರಿಕಕ್ಕೆ ಹೊತ್ತೊಯ್ದರು. ಮೆಣಸಿನಕಾಯಿ ಪೋರ್ತುಗೀಜರ ಹಡಗು ಹತ್ತಿ ನಮ್ಮಲ್ಲಿಗೆ ಬಂದು, ಸಂಕೇಶ್ವರದ್ದೇ ಎನ್ನಿಸಿಕೊಂಡಿತು.

ಏಡಿಯ ವಿಷಯದಲ್ಲಿ ನಮ್ಮ ಹೊಳೆದಂಡೆಯವರು ಸ್ಯಾನ್ ಫ್ರಾನ್ಸಿಸ್ಕೊದವರಿಗೆ ಪಾಠ ಹೇಳಬಲ್ಲರು. ಅಲ್ಲಿಯವರು ಕಾಲುಗಳನ್ನು ಹಾಗೆಯೇ ಸಾರಿಗೆ ಹಾಕಿ, ಉಣ್ಣುವವನ ಕೈಗೆ ಇಕ್ಕಳ ಕೊಡುತ್ತಾರೆ. ನಮ್ಮ ಏಡಿ ಸಣ್ಣದು. ಸಣ್ಣ ಕಾಲುಗಳಲ್ಲಿ ಮಾಂಸ ಕಾಣಿಸದು. ಆದುದರಿಂದ ಅವನ್ನು ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಾರೆ. ಕುದಿಯುವ ಸಾರಿಗೆ ಆ ರಸವನ್ನು ಬಿಟ್ಟೊಡನೆ ಅದು ಹಾಲೊಡೆದಂತೆ ಮೆಲ್ಲನೆ ಗಟ್ಟಿಯಾಗಿ, ಸಾರಿಗೆ ಒಂದು ಮೈ ಬರುತ್ತದೆ. ನೆಗಡಿಯಾದವರಿಗೆ ಇದನ್ನು ಕುಡಿಸುವ ರೂಢಿಯೂ ಇದೆ. ಒಂದು ಎಚ್ಚರ: ಸಿಹಿನೀರಿನ ಏಡಿ ಅರೆಬೆಂದರೆ ಅದರಲ್ಲಿರಬಹುದಾದ ಹುಳು ಮನುಷ್ಯನ ಶ್ವಾಸಕೋಶವನ್ನು ಸೇರುವುದುಂಟು. ಆದುದರಿಂದ ಏಡಿಯನ್ನೂ ಅದರ ರಸವನ್ನೂ ಮೊದಲು ಹಾಕಿ, ಕಳಕಳ ಕುದಿಯಲ್ಲಿ ಕಾಲು ತಾಸು ಬೇಯಿಸಲೇಬೇಕು. ರಸವನ್ನು ಮುಟ್ಟಿದ ಒರಳು, ಬಟ್ಟೆ, ಕೈಗಳನ್ನು ಚೆನ್ನಾಗಿ ತೊಳೆಯಬೇಕು.

ಆಮೇಲಿನದು ಸರದಿಯ ಲೆಕ್ಕ. ಸೋಸಿಟ್ಟ ನೀರು, ಟೊಮ್ಯಾಟೊ, ಏಡಿ ಎಲ್ಲ ಕುದಿದು ಒಂದಾದ ಮೇಲೆ ದಪ್ಪ ಹೋಳುಗಳು. ಅವಕ್ಕೆ ಏಳೆಂಟು ನಿಮಿಷ. ಕೊನೆಗೆ ಸಿಗಡಿ, ಬಣ್ಣ ತಿರುಗಿ ಸುರುಳಿಯಾಯಿತೆಂದರೆ ಇಳಿಸಿಬಿಡಬೇಕು. ಸೌಟು ಹಾಕಿ ತಿರುವಬಾರದು. ಪಾತೇಲಿಯನ್ನೇ ಬಟ್ಟೆಯಿಂದ ಹಿಡಿದು ಅಲುಗಿಸಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಬೇಯಿಸಿದರೆ ಸಿಗಡಿ ರಬ್ಬರಾಗುತ್ತದೆ, ಮೀನು ಪುಡಿಯಾಗುತ್ತದೆ, ಏಡಿ ಇನ್ನೂ ಹಸಿ. ಯಾವ ಮೀನಿಗೆ ಎಷ್ಟು ಕುದಿ ಎಂಬ ಈ ತಿಳಿವಳಿಕೆಯನ್ನು ನದಿಯ ಹೆಂಗಸರು ಗಡಿಯಾರ ನೋಡದೆ ಪಡೆದಿದ್ದರು. ಬಲೆಯಲ್ಲಿ ಹತ್ತು ತರಹದ್ದು ಬರುತ್ತಿದ್ದಾಗ ಕಲಿಯದೆ ಗತಿಯಿರಲಿಲ್ಲ.

ನನ್ನ ಚಿಂತೆ ಇರುವುದು ಅಲ್ಲಿಯೇ. ಈಗ ಮೀನು ಕೊಳ್ಳಹೋದರೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ರೋಹು, ಕಟ್ಲಾ. ಇವು ಮೂಲತಃ ಗಂಗೆಯ ಸೀಮೆಯವು. ಮರಿ ಬಿಟ್ಟು ಬೆಳೆಸಿದವು. ಜೊತೆಗೆ ಜಿಲೇಬಿ ಎನ್ನಿಸಿಕೊಳ್ಳುವ ತಿಲಾಪಿಯಾ, ಅದು ಆಫ್ರಿಕಾದ್ದು. ಸಾಕಿದ ಮೀನನ್ನು ನಾನು ಹಳಿಯುವುದಿಲ್ಲ, ಅದರಿಂದ ಬಡವರ ತಾಟಿಗೂ ಮೀನು ಬಂದಿತು. ಆದರೆ ಹೊಳೆ ತನ್ನ ಪಟ್ಟಿಯನ್ನು ಕೊಡುವುದು ಕಡಿಮೆಯಾಯಿತು. ಬಾಳೆಮೀನು ಇಂದು ಅಳಿವಿನ ಅಂಚಿಗೆ ಸರಿಯುತ್ತಿರುವ ಜೀವಿಗಳ ಜಾಗತಿಕ ಪಟ್ಟಿಯನ್ನು ಸೇರಿದೆ. ನಿಜವಾದ ಹಾವುಮೀನು ಕಡಲಿನಲ್ಲಿ ಹುಟ್ಟಿ, ನದಿಯನ್ನೇರಿ ಬಂದು ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಮರಳುವ ಪ್ರಾಣಿ; ಆಲಮಟ್ಟಿಯಂಥ ಗೋಡೆಗಳನ್ನು ಅದು ಹೇಗೆ ಹತ್ತೀತು? ಅಣೆಕಟ್ಟುಗಳ ನೀರಿಲ್ಲದಿದ್ದರೆ ನಮ್ಮ ಕಬ್ಬೂ ಇಲ್ಲ, ಒಪ್ಪಿದೆ. ಬೇಸಗೆಯಲ್ಲಿ ಬ್ಯಾರೇಜುಗಳ ನಡುವೆ ನಿಂತ ನೀರಿಗೆ ಊರುಗಳ ಗಟಾರವೂ ಕಾರಖಾನೆಗಳ ಕೊಳೆಯೂ ಬಂದು ಬೀಳುವುದಕ್ಕೆ ಮಾತ್ರ ಯಾವ ಸಮಜಾಯಿಷಿ? 2023ರ ಮಾರ್ಚ್ ತಿಂಗಳಲ್ಲಿ, ನಮ್ಮಿಂದ ಸ್ವಲ್ಪ ಮೇಲಕ್ಕೆ, ಸಾಂಗಲಿಯ ಬಳಿ ಕೃಷ್ಣೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಅದೇ ನೀರು ಇಳಿದು ಕಾಗವಾಡದ ಕಡೆಗೆ ಬರುತ್ತದೆ.

ಅತ್ತ ಕಡಲು ದೊಡ್ಡದೆಂದು ಸುಮ್ಮನಿರುವಂತೆಯೂ ಇಲ್ಲ. 2015ರಲ್ಲಿ ಕ್ಯಾಲಿಫೋರ್ನಿಯಾದ ಕಡಲು ಅತಿಯಾಗಿ ಕಾದು, ವಿಷಪಾಚಿ ಬೆಳೆದು, ಡಂಜನೆಸ್ ಏಡಿಯ ಸುಗ್ಗಿಯನ್ನೇ ತಿಂಗಳುಗಟ್ಟಲೆ ಮುಂದೂಡಬೇಕಾಯಿತು. ಏಡಿಯಿಲ್ಲದ ಚಿಯೊಪ್ಪಿನೊ ಅಲ್ಲಿಯವರಿಗೆ ಲಗ್ನವಿಲ್ಲದ ಹಂದರದ ಹಾಗೆ.

ಹಾಗಾದರೆ ರೋಹು ಒಂದೇ ಸಿಕ್ಕ ದಿನ ಈ ಸಾರು ಮಾಡಬಾರದೆ? ಮಾಡಬಹುದು. ಅದರ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಹೊಟ್ಟೆಯ ಭಾಗದ ಹೋಳು ಕೇಳಿ ತನ್ನಿ, ಬಾಲದ ಕಡೆಯದನ್ನು ತಿಳಿನೀರಿಗೆ ಹಾಕಿ ಕುದಿಸಿ ಸೋಸಿಬಿಡಿ. ಮಳೆಗಾಲದ ಕೊನೆಯಲ್ಲಿ ಹೊಲದ ಏಡಿ ಎರಡು ಸಿಕ್ಕರೂ ಆ ಸಾರಿನ ದೆಸೆ ತಿರುಗುತ್ತದೆ. ದಂಡೆಯಲ್ಲಿ ಇನ್ನೂ ಬಲೆ ಹಾಕುವವರು ಇದ್ದಾರೆ. ಬೆಳಗಿನ ಜಾವ ಹೋಗಿ ಚಿಲ್ಲರೆ ಮೀನು ಕೊಡಿರೆಂದು ಕೇಳಿದರೆ ಅವರಿಗೂ ಸಂತೋಷ. ಅದನ್ನು ಕೇಳುವವರಿಲ್ಲವೆಂದೇ ಎಷ್ಟೋ ಸಲ ಅವರು ದಡದಲ್ಲಿಯೇ ಬಿಟ್ಟುಬರುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದರ ಜೊತೆ ಹುಳಿಹಿಟ್ಟಿನ ಗಟ್ಟಿ ರೊಟ್ಟಿಯನ್ನು ಅದ್ದಿ ತಿನ್ನುತ್ತಾರೆ. ನಮಗೆ ಜೋಳದ ಭಕ್ಕರಿ ಇದೆ. ಬಿಸಿಯದಕ್ಕಿಂತ ಕಟಿ ರೊಟ್ಟಿಯೇ ಮೇಲು. ಮುರಿದು ಹಾಕಿದರೆ ಸಾರನ್ನು ಕುಡಿದೂ ಗಟ್ಟಿಯಾಗಿ ನಿಲ್ಲುತ್ತದೆ. ಮೇಲೆ ಹೆಚ್ಚಿದ ಕೊತ್ತಂಬರಿ, ಬೇಕಾದವರಿಗೆ ಲಿಂಬೆಯ ಹೋಳು. ತಾಟಿನ ಪಕ್ಕದಲ್ಲಿ ಮುಳ್ಳು ತೆಗೆದಿಡಲು ಒಂದು ಖಾಲಿ ಬೋಗುಣಿ ಇಟ್ಟಿರಿ. ಕೂಸುಗಳಿಗೆ ಬಡಿಸುವ ಮೊದಲು ಹೋಳುಗಳನ್ನು ಬೆರಳಿನಿಂದ ತಡವಿ ನೋಡಬೇಕು. ದೀಪದ ಬೆಳಕಿನಲ್ಲಿ ರೋಹುವಿನ ಮುಳ್ಳು ಕಣ್ಣಿಗೆ ಕಾಣುವುದಿಲ್ಲ.